‘ಟೇಕ್ ಆನ್ ಮಿ’ ವಿಡಿಯೊದ ಪೆನ್ಸಿಲ್ ಗೆರೆ: ಬರೀ ಚಮತ್ಕಾರವೋ, ಪ್ರೇಮಕಥೆಯ ಭಾಗವೋ?

ಪ್ರಶ್ನೆ

ನಮಸ್ಕಾರ. ನಾರ್ವೆಯ ಎ-ಹಾ ತಂಡದ ‘ಟೇಕ್ ಆನ್ ಮಿ’ ಹಾಡಿಗೆ ಸ್ಟೀವ್ ಬ್ಯಾರನ್ ನಿರ್ದೇಶಿಸಿದ 1985ರ ವಿಡಿಯೊ ಕುರಿತು ಅನಿಮೇಷನ್ ಮತ್ತು ಚಿತ್ರಕಲೆ ಬಲ್ಲವರ ಅಭಿಪ್ರಾಯ ತಿಳಿಯುವ ಆಸೆಯಿದೆ. ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಲಂಡನ್ನಿನ ಒಂದು ಸಣ್ಣ ಹೋಟೆಲಿನಲ್ಲಿ ಯುವತಿಯೊಬ್ಬಳು ಕಾಮಿಕ್ಸ್ ಓದುತ್ತಾ ಕುಳಿತಿರುವಾಗ, ಪುಟದೊಳಗಿನ ಬೈಕ್ ರೇಸಿನ ನಾಯಕ ಅವಳತ್ತ ಕಣ್ಣು ಮಿಟುಕಿಸುತ್ತಾನೆ. ಪೆನ್ಸಿಲಿನಲ್ಲಿ ಬರೆದ ಅವನ ಕೈ ಪುಟದಿಂದ ಮೇಲೆದ್ದು ಬರುತ್ತದೆ. ಆ ಕೈ ಹಿಡಿದು ಒಳಗೆ ಹೋದ ಅವಳು ತಾನೂ ಚಿತ್ರವಾಗುತ್ತಾಳೆ. ಇತ್ತ ಬಿಲ್ಲು ಕೊಡದೆ ಎದ್ದುಹೋದಳೆಂದು ಭಾವಿಸಿದ ಪರಿಚಾರಿಕೆ ಪುಸ್ತಕವನ್ನು ಮುದುರಿ ಕಸದ ಬುಟ್ಟಿಗೆ ಎಸೆಯುತ್ತಾಳೆ. ಆಗ ಒಳಗಿನ ಲೋಕದಲ್ಲಿ ರೇಸಿನ ಎದುರಾಳಿಗಳಿಬ್ಬರು ಕಾಣಿಸಿಕೊಳ್ಳುತ್ತಾರೆ. ಅವರಲ್ಲೊಬ್ಬನ ಕೈಯಲ್ಲಿ ದೊಡ್ಡ ಪೈಪ್ ರೆಂಚ್ ಇರುತ್ತದೆ. ನಾಯಕ ಕಾಗದದ ಗೋಡೆಯನ್ನು ಹರಿದು ಅವಳನ್ನು ಹೊರಗೆ ದಾಟಿಸಿ ತಾನು ಅಲ್ಲೇ ಉಳಿಯುತ್ತಾನೆ. ಕೊನೆಗೆ ಅವಳ ಮನೆಯ ಕಾರಿಡಾರಿನಲ್ಲಿ, ಚಿತ್ರವೂ ಅಲ್ಲದ ಮನುಷ್ಯನೂ ಅಲ್ಲದ ಸ್ಥಿತಿಯಲ್ಲಿ ಎಡಬಲದ ಗೋಡೆಗಳಿಗೆ ಮೈ ಅಪ್ಪಳಿಸಿಕೊಳ್ಳುತ್ತಾ, ಅಂತೂ ಮನುಷ್ಯನಾಗುತ್ತಾನೆ.

ನನ್ನ ಸಂದೇಹಗಳು ಎರಡು. ಒಳಗಿನ ಲೋಕವನ್ನು ಬಣ್ಣ ತುಂಬಿ ಪೂರ್ಣಗೊಳಿಸದೆ, ಸದಾ ನಡುಗುವ ಪೆನ್ಸಿಲ್ ಗೆರೆಯಲ್ಲೇ ಬಿಟ್ಟಿದ್ದೇಕೆ? ಮತ್ತೊಂದು, ಅವಳು ಬರೀ ಕೈ ಹಿಡಿದು ಗಡಿ ದಾಟುತ್ತಾಳೆ, ಅವನು ಮಾತ್ರ ಗೋಡೆಗೆ ಬಡಿದುಕೊಳ್ಳಬೇಕಾಗುತ್ತದೆ; ಈ ಅಸಮಾನತೆಗೆ ಕಥೆಯೊಳಗೆ ಕಾರಣವಿದೆಯೇ? ಇದೆಲ್ಲ ಎಂಬತ್ತರ ದಶಕದ ತಾಂತ್ರಿಕ ಚಮತ್ಕಾರ, ಅರ್ಥ ಹುಡುಕುವುದು ವ್ಯರ್ಥ ಎಂಬುದು ಸ್ನೇಹಿತರೊಬ್ಬರ ವಾದ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ.

ಉತ್ತರ 1

ಅನಿಮೇಷನ್ ಕಲಿಸುವವನಾಗಿ ಮೊದಲ ಸಂದೇಹಕ್ಕೆ ಉತ್ತರಿಸುತ್ತೇನೆ. ಇಲ್ಲಿ ಬಳಸಿರುವುದು ರೋಟೋಸ್ಕೋಪ್ ವಿಧಾನ. ನಟರನ್ನು ಮೊದಲು ಕ್ಯಾಮೆರಾದಲ್ಲಿ ಚಿತ್ರೀಕರಿಸಿ, ಆ ಫಿಲ್ಮಿನ ಒಂದೊಂದು ಫ್ರೇಮನ್ನೂ ಕಾಗದದ ಮೇಲೆ ಮೂಡಿಸಿಕೊಂಡು, ಅದರ ಜಾಡಿನಲ್ಲೇ ಕೈಯಿಂದ ಚಿತ್ರ ಬರೆಯುತ್ತಾರೆ. ವಿಧಾನ ಹೊಸದೇನಲ್ಲ, ಮ್ಯಾಕ್ಸ್ ಫ್ಲೈಷರ್ ಅವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1917ರಲ್ಲಿ. ಈ ವಿಡಿಯೊಗಾಗಿ ಮೈಕೆಲ್ ಪ್ಯಾಟರ್ಸನ್ ಮತ್ತು ಕ್ಯಾಂಡೇಸ್ ರೆಕಿಂಜರ್ ಸುಮಾರು 3000 ಫ್ರೇಮುಗಳನ್ನು ಹೀಗೆ ಬರೆದರು, ಕೆಲಸಕ್ಕೆ 16 ವಾರ ಹಿಡಿಯಿತು.

ಒಂದೇ ಮುಖವನ್ನು ಹತ್ತು ಹಾಳೆಗಳ ಮೇಲೆ ಹತ್ತು ಸಲ ಬರೆದರೆ ಯಾವ ಎರಡು ಗೆರೆಗಳೂ ಕರಾರುವಾಕ್ಕಾಗಿ ಒಂದೇ ಜಾಗದಲ್ಲಿ ಬೀಳುವುದಿಲ್ಲ. ಅವನ್ನು ಒಂದರ ಹಿಂದೊಂದು ಓಡಿಸಿದಾಗ ಕಾಣುವ ನಡುಕವನ್ನು ನಮ್ಮ ಕೆಲಸದಲ್ಲಿ ಲೈನ್ ಬಾಯ್ಲ್ ಎನ್ನುತ್ತೇವೆ. ಸಾಮಾನ್ಯವಾಗಿ ದೊಡ್ಡ ಸ್ಟುಡಿಯೊಗಳು ಪೆನ್ಸಿಲ್ ಹಂತವನ್ನು ಪ್ರೇಕ್ಷಕರಿಗೆ ತೋರಿಸುವುದೇ ಇಲ್ಲ. ಗೆರೆಯನ್ನು ಶುದ್ಧಗೊಳಿಸಿ, ಬಣ್ಣ ತುಂಬಿ, ನಡುಕವನ್ನು ಅಳಿಸಿಬಿಡುತ್ತಾರೆ. ಇಲ್ಲಿ ಅದನ್ನು ಬೇಕೆಂದೇ ಉಳಿಸಿಕೊಂಡಿದ್ದಾರೆ, ಅದರ ಪರಿಣಾಮವನ್ನು ಹೋಟೆಲಿನ ದೃಶ್ಯದಲ್ಲೇ ನೋಡಬಹುದು. ಹೋಟೆಲು ಗಟ್ಟಿಯಾಗಿದೆ, ಬಣ್ಣವೂ ಇದೆ, ಆದರೆ ಅಲ್ಲಿ ಏನೂ ನಡೆಯುತ್ತಿಲ್ಲ. ಪುಟದೊಳಗಿನ ನಾಯಕ ಸುಮ್ಮನೆ ನಿಂತಾಗಲೂ ಅವನ ಜಾಕೆಟ್ಟಿನ ನೆರಳುಗೆರೆಗಳು ಮಿಡಿಯುತ್ತಲೇ ಇರುತ್ತವೆ. ಜೀವ ಯಾವ ಕಡೆ ಇದೆ ಎಂಬುದನ್ನು ಒಂದು ಮಾತೂ ಇಲ್ಲದೆ ಗೆರೆಯೇ ಹೇಳಿಬಿಡುತ್ತದೆ. ಹಾಗೆಯೇ, ಈ ಕ್ಷಣ ಇದ್ದ ಗೆರೆ ಮರುಕ್ಷಣ ಇರುವುದಿಲ್ಲವಾದ್ದರಿಂದ, ಅವನ ಅಸ್ತಿತ್ವ ಎಷ್ಟು ದುರ್ಬಲ ಎಂಬ ಆತಂಕವೂ ಅದೇ ನಡುಕದಲ್ಲಿದೆ. ಬಣ್ಣ ತುಂಬಿದ ನುಣುಪಾದ ಚಿತ್ರವಾಗಿದ್ದರೆ ನಾವು ಅವನಿಗಾಗಿ ಹೆದರುತ್ತಿರಲಿಲ್ಲ.

ಇನ್ನೊಂದು ದೃಶ್ಯವನ್ನು ನಿಧಾನವಾಗಿ ನೋಡಿ. ಒಳಗೆ ಹೋದ ಮೇಲೆ ಇಬ್ಬರ ನಡುವೆ ಕನ್ನಡಿಯಂತಹ ಒಂದು ಚೌಕಟ್ಟು ಬರುತ್ತದೆ. ಅದರ ಮೂಲಕ ಕಂಡಷ್ಟು ಭಾಗ ಮಾತ್ರ ರಕ್ತಮಾಂಸದ ಮುಖ, ಚೌಕಟ್ಟಿನಿಂದ ಹೊರಗುಳಿದದ್ದು ಪೆನ್ಸಿಲ್ ಚಿತ್ರ. ಪ್ರೀತಿಸುವವರು ಪರಸ್ಪರರನ್ನು ನೋಡುವಾಗ ಮಾತ್ರ ನಿಜವಾಗುತ್ತಾರೆ ಎಂಬ ಮಾತನ್ನು ಇದಕ್ಕಿಂತ ಸರಳವಾಗಿ ಚಿತ್ರದಲ್ಲಿ ಹೇಳಲಾಗದು. ಎದುರಾಳಿಯ ರೆಂಚ್ ಮೊದಲು ಒಡೆಯುವುದು ನಾಯಕನ ತಲೆಯನ್ನಲ್ಲ, ಈ ಕನ್ನಡಿಯನ್ನು. ಅದು ಒಡೆದ ಮೇಲೆ ಅವಳು ಬರೀ ಚಿತ್ರವಾಗಿ ಒಳಗೇ ಸಿಕ್ಕಿಕೊಳ್ಳುತ್ತಾಳೆ.

ಉತ್ತರ 2

ಮೇಲಿನ ವಿವರಣೆ ಚೆನ್ನಾಗಿದೆ. ಗೆರೆಯ ಬಗ್ಗೆ ಎಲ್ಲರೂ ಬರೆಯುತ್ತಾರೆ, ಕಾಗದದ ಬಗ್ಗೆ ಬರೆಯುವವರು ಕಡಿಮೆ. ಆದ್ದರಿಂದ ಆ ಕಡೆಯಿಂದ ನಾಲ್ಕು ಮಾತು.

ಈ ಕಥೆಯಲ್ಲಿ ಖಳರನ್ನು ಒಳಗೆ ಕರೆದದ್ದು ಪರಿಚಾರಿಕೆಯ ಸಿಟ್ಟು. ಅವಳಿಗೆ ಗೊತ್ತಿರುವುದು ಕೊಡಬೇಕಾದ ಒಂದು ಬಿಲ್ಲು ಬಾಕಿಯಿದೆ ಎಂಬುದು ಮಾತ್ರ. ಅವಳು ಕೆಟ್ಟವಳಲ್ಲ, ತನ್ನ ಕೆಲಸ ಮಾಡುತ್ತಿದ್ದಾಳೆ. ಪುಸ್ತಕ ಅವಳಿಗೆ ರದ್ದಿ. ಅದನ್ನು ಮುದುರಿದ ಕೂಡಲೇ ಒಳಗಿನವರ ನೆಲ, ಗೋಡೆ, ಆಕಾಶ ಎಲ್ಲವೂ ಒಟ್ಟಿಗೇ ಮುದುರುತ್ತದೆ, ಏಕೆಂದರೆ ಅವರಿಗೆ ಕಾಗದವೇ ಲೋಕ. ದಿನದ ವ್ಯವಹಾರ ಪ್ರೇಮವನ್ನು ದ್ವೇಷದಿಂದ ಕೊಲ್ಲುವುದಿಲ್ಲ, ಗಮನಿಸದೆ ಕೊಲ್ಲುತ್ತದೆ. ಈ ವಿಡಿಯೊದಲ್ಲಿ ನನಗೆ ಅತ್ಯಂತ ನಿಷ್ಠುರವಾಗಿ ಕಂಡ ಅಂಶ ಇದೇ, ರೆಂಚ್ ಹಿಡಿದವರು ಅದರ ಮುಂದೆ ಮಕ್ಕಳಾಟ.

ಆಮೇಲೆ ಕಾಗದವೇ ದಾರಿಯೂ ಆಗುತ್ತದೆ. ಓಡಿ ಓಡಿ ಮುಂದೆ ದಾರಿಯಿಲ್ಲವಾದಾಗ ನಾಯಕ ಗೋಡೆಯನ್ನು ಹರಿಯುತ್ತಾನೆ. ತಾನಿರುವ ಲೋಕವನ್ನು ತಾನೇ ಹರಿದು ಅವಳನ್ನು ಉಳಿಸುವುದು ಎಂದರೆ ಅವನ ಮಟ್ಟಿಗೆ ಸಣ್ಣ ತ್ಯಾಗವಲ್ಲ. ಅವಳು ಹೊರಬಿದ್ದ ಜಾಗವನ್ನೂ ಗಮನಿಸಿ: ತಾನು ಕುಳಿತಿದ್ದ ಕುರ್ಚಿಗಲ್ಲ, ಕಸದ ಬುಟ್ಟಿಯ ಪಕ್ಕಕ್ಕೆ, ಎಲ್ಲರೂ ಕಣ್ಣು ಬಿಟ್ಟು ನೋಡುತ್ತಿರುವಾಗ. ಅವಳು ನಾಚಿಕೊಳ್ಳದೆ ಬುಟ್ಟಿಯಿಂದ ಪುಸ್ತಕವನ್ನು ಎತ್ತಿಕೊಂಡು ಮನೆಗೆ ಓಡುತ್ತಾಳೆ.

ನಿಮ್ಮ ಎರಡನೆಯ ಸಂದೇಹಕ್ಕೆ ಉತ್ತರ ಅಲ್ಲಿಂದಲೇ ಸಿಗುತ್ತದೆ ಎಂದುಕೊಂಡಿದ್ದೇನೆ. ಮನೆಯಲ್ಲಿ ಅವಳು ಪುಟದ ಸುಕ್ಕುಗಳನ್ನು ಅಂಗೈಯಿಂದ ತೀಡಿ ನೇರ ಮಾಡಲು ಯತ್ನಿಸುತ್ತಾಳೆ. ಮುಂದಿನ ಚಿತ್ರದಲ್ಲಿ ಅವನು ನಿಶ್ಚೇಷ್ಟಿತನಾಗಿ ಬಿದ್ದಿರುವುದನ್ನು ಕಂಡು ಅಳುತ್ತಾಳೆ. ಅವನು ಕಣ್ಣು ತೆರೆಯುವುದು ಅದರ ನಂತರವೇ. ಕತೆಯ ಮೊದಲರ್ಧದಲ್ಲಿ ಅವಳು ಓದುಗಾರ್ತಿ ಮಾತ್ರ, ಓದುಗಾರ್ತಿಗೆ ಒಳಗೆ ಹೋಗುವುದು ಸುಲಭ. ಯಾವ ಪುಸ್ತಕವೂ ಓದುವವರನ್ನು ತಡೆಯುವುದಿಲ್ಲ. ಪಾತ್ರಕ್ಕೆ ಆ ಸೌಲಭ್ಯವಿಲ್ಲ. ಅದು ಹೊರಗೆ ಬರಬೇಕಾದರೆ ತನ್ನನ್ನು ಪಾತ್ರವಾಗಿಸಿದ ಗೆರೆಯನ್ನೇ ಕಳೆದುಕೊಳ್ಳಬೇಕು. ಹೀಗಾಗಿ ಆ ಅಸಮಾನತೆ ಕಥೆಯ ತರ್ಕದ್ದೇ ಹೊರತು ಲೋಪವಲ್ಲ.

ಉತ್ತರ 3

ನನ್ನದು ಸ್ವಲ್ಪ ಭಿನ್ನಾಭಿಪ್ರಾಯ. ಪರಿಚಾರಿಕೆಯ ಬಿಲ್ಲಿನಲ್ಲಿ ಇಡೀ ವ್ಯಾವಹಾರಿಕ ಲೋಕವನ್ನು ಕಾಣುವುದು ನನಗೆ ಅತಿಯಾಯಿತು. ನಾಲ್ಕು ನಿಮಿಷವೂ ಇಲ್ಲದ ಹಾಡಿನಲ್ಲಿ ಕಥೆಗೆ ತಿರುವು ಬೇಕಿತ್ತು, ಬಿಲ್ಲು ಅದಕ್ಕೊಂದು ನೆಪ, ಅಷ್ಟೇ. ಮಾರುಕಟ್ಟೆಯ ಹಿನ್ನೆಲೆಯನ್ನೂ ಮರೆಯಬಾರದು: ಇದೇ ಹಾಡು 1984ರಲ್ಲಿ ಬೇರೊಂದು ವಿಡಿಯೊದೊಂದಿಗೆ ಬಂದು ಸೋತಿತ್ತು. ಅಲನ್ ಟಾರ್ನಿ ನಿರ್ಮಾಣದಲ್ಲಿ ಮತ್ತೆ ಧ್ವನಿಮುದ್ರಿಸಿ, ಈ ವಿಡಿಯೊ ಜೊತೆ ಬಿಟ್ಟಾಗ 1985ರ ಅಕ್ಟೋಬರಿನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಮರುವರ್ಷ ಎಂಟಿವಿಯ ಆರು ಪ್ರಶಸ್ತಿಗಳನ್ನೂ ಗೆದ್ದಿತು. ಗಮನ ಸೆಳೆಯಲೇಬೇಕಾದ ಒತ್ತಡ ಮಾಡಿದವರ ಮೇಲಿತ್ತು.

ಹಾಗೆಂದು ನಿಮ್ಮ ಸ್ನೇಹಿತರ ಪಕ್ಷವನ್ನೂ ನಾನು ವಹಿಸಲಾರೆ. ಕಾರಿಡಾರಿನ ದೃಶ್ಯಕ್ಕೆ 1980ರ ‘ಆಲ್ಟರ್ಡ್ ಸ್ಟೇಟ್ಸ್’ ಚಲನಚಿತ್ರದ ಕೊನೆಯ ಭಾಗ ಪ್ರೇರಣೆ. ಎರವಲು ತಂದದ್ದಾದರೂ ಇಲ್ಲಿ ಅದು ಸರಿಯಾಗಿ ಕೂತಿದೆ, ಏಕೆಂದರೆ ಅಷ್ಟು ಹೊತ್ತು ಚಂದವಾಗಿ ಕಂಡ ಚಿತ್ರತ್ವ ಮೊದಲ ಸಲ ನೋವಾಗಿ ಕಾಣುತ್ತದೆ.

ಎಲ್ಲರೂ ಇದನ್ನು ಸುಖಾಂತ್ಯವೆಂದು ಭಾವಿಸಿದಂತಿದೆ. ಅದೇ ತಂಡದ ಮುಂದಿನ ಹಾಡು ‘ದಿ ಸನ್ ಆಲ್ವೇಸ್ ಶೈನ್ಸ್ ಆನ್ ಟಿವಿ’ಯ ವಿಡಿಯೊದ ಆರಂಭವನ್ನು ದಯವಿಟ್ಟು ನೋಡಿ. ರಾತ್ರಿ, ಕಾಡು, ಅದೇ ಜೋಡಿ. ನೋಡನೋಡುತ್ತಿದ್ದಂತೆ ಅವನ ಮೇಲೆ ಮತ್ತೆ ಪೆನ್ಸಿಲ್ ಗೆರೆಗಳು ಮೂಡತೊಡಗುತ್ತವೆ. ಅವನು ಅವಳನ್ನು ಬಿಟ್ಟು ಓಡಿಹೋಗುತ್ತಾನೆ. ನನಗೆ ಇಲ್ಲಿ ಶಾಕುಂತಲದ ಆರನೆಯ ಅಂಕ ನೆನಪಾಗದೆ ಇರದು. ದುಷ್ಯಂತ ತಾನೇ ಬರೆದ ಶಕುಂತಲೆಯ ಚಿತ್ರದ ಮುಂದೆ ನಿಂತು, ಚಿತ್ರದೊಳಗಿನ ದುಂಬಿಯನ್ನು ಗದರಿಸುವಷ್ಟು ಮೈಮರೆತಿರುತ್ತಾನೆ. ಇದು ಚಿತ್ರ ಕಣಯ್ಯಾ ಎಂದು ವಿದೂಷಕ ಎಚ್ಚರಿಸಿದಾಗ, ಎದುರಿಗೇ ಇದ್ದ ನಲ್ಲೆಯನ್ನು ಮತ್ತೆ ಚಿತ್ರ ಮಾಡಿಬಿಟ್ಟೆಯಲ್ಲ ಎಂದು ರಾಜ ಹಲುಬುತ್ತಾನೆ. ಎ-ಹಾ ತಂಡದವರಿಗೆ ಕಾಳಿದಾಸ ಗೊತ್ತಿದ್ದನೆಂದು ನಾನು ಹೇಳುತ್ತಿಲ್ಲ. ಚಿತ್ರ ಜೀವಂತವಾಗುವುದಕ್ಕಿಂತ, ಜೀವಂತವಾದದ್ದು ಮರಳಿ ಚಿತ್ರವಾಗುವುದು ದೊಡ್ಡ ವಿರಹ ಎಂಬ ತಿಳಿವಳಿಕೆ ಎರಡೂ ಕಡೆ ಇದೆ. ಆ ದೃಷ್ಟಿಯಿಂದ ಎರಡು ವಿಡಿಯೊಗಳನ್ನು ಒಂದೇ ಕಥೆಯ ಎರಡು ಭಾಗಗಳಾಗಿ ಓದಬೇಕು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಮುಂದುವರಿದ ಭಾಗ ನನ್ನ ಗಮನಕ್ಕೆ ಬಂದಿರಲಿಲ್ಲ, ಈಗ ನೋಡಿದೆ. ಆದರೆ ಆ ಆರಂಭವನ್ನು ಸೇರಿಸಿಕೊಂಡರೆ ಕಾರಿಡಾರಿನ ಹೋರಾಟವೇ ವ್ಯರ್ಥವಾದಂತಾಗುವುದಿಲ್ಲವೇ? ಮೊದಲ ವಿಡಿಯೊ ತಾನೇ ಪೂರ್ಣವಾಗಿದೆ ಎಂದು ನನಗೆ ಈಗಲೂ ಅನಿಸುತ್ತದೆ. ಮತ್ತೊಂದು ಪ್ರಶ್ನೆ ಮೊದಲ ಉತ್ತರ ಬರೆದವರಿಗೆ: ಆ ದೃಶ್ಯದಲ್ಲಿ ಚಿತ್ರ ಮತ್ತು ಮನುಷ್ಯ ಅಷ್ಟು ಸಲ ಅದಲುಬದಲಾದರೂ ನಮ್ಮ ಕಣ್ಣಿಗೆ ಇಬ್ಬರು ಬೇರೆ ಬೇರೆ ಎನಿಸದಿರುವುದು ಹೇಗೆ?

ಉತ್ತರ 1 ಬರೆದವರಿಂದ

ಅದು ರೋಟೋಸ್ಕೋಪಿನ ಲಾಭ. ಚಿತ್ರವನ್ನು ನಟನ ಚಲನೆಯ ಮೇಲೆಯೇ ಬರೆದಿರುವುದರಿಂದ ಭುಜದ ಇಳಿಜಾರು, ತೂಕ ಬೀಳುವ ರೀತಿ, ಗೋಡೆಗೆ ಬಡಿದಾಗ ಮೈ ತಿರುಗುವ ವೇಗ ಎಲ್ಲವೂ ಎರಡರಲ್ಲೂ ಒಂದೇ. ಬದಲಾಗುವುದು ಮೇಲ್ಮೈ ಮಾತ್ರ. ಕಲ್ಪನೆಯಿಂದ ಬರೆದ ಕಾರ್ಟೂನ್ ದೇಹವಾಗಿದ್ದರೆ ಪ್ರತಿ ಸಲ ಬದಲಾದಾಗಲೂ ಒಬ್ಬ ಹೋಗಿ ಇನ್ನೊಬ್ಬ ಬಂದಂತೆ ಕಾಣುತ್ತಿತ್ತು, ಆಗ ಅವನ ನೋವು ನಮ್ಮದಾಗುತ್ತಿರಲಿಲ್ಲ. ಹೀಗಾಗಿ ತಂತ್ರ ಬೇರೆ, ಅರ್ಥ ಬೇರೆ ಎಂಬ ನಿಮ್ಮ ಸ್ನೇಹಿತರ ವಿಂಗಡಣೆ ಈ ದೃಶ್ಯದ ಮಟ್ಟಿಗಂತೂ ನಿಲ್ಲುವುದಿಲ್ಲ.

ಹೋರಾಟ ವ್ಯರ್ಥವೇ ಎಂಬ ವಿಷಯದಲ್ಲಿ ನಾನು ನಿಮ್ಮ ಕಡೆ. ಎರಡನೆಯ ವಿಡಿಯೊ ಆ ಜೋಡಿಯನ್ನು ಆರಂಭದಲ್ಲೇ ಬಿಟ್ಟು ತಂಡದ ಹಾಡುಗಾರಿಕೆಯತ್ತ ಹೊರಳಿಬಿಡುತ್ತದೆ. ಕಥೆಯನ್ನು ಅದು ಮುಂದುವರಿಸುವುದಿಲ್ಲ, ಕೈ ತೊಳೆದುಕೊಳ್ಳುತ್ತದೆ. ಮೂರನೆಯವರು ಇದನ್ನು ಒಪ್ಪಲಿಕ್ಕಿಲ್ಲ. 2019ರಲ್ಲಿ ಬಿಡುಗಡೆಯಾದ 4ಕೆ ಪ್ರತಿ ಯೂಟ್ಯೂಬಿನಲ್ಲಿದೆ, ವೇಗವನ್ನು ಕಾಲುಭಾಗಕ್ಕೆ ಇಳಿಸಿ ಕಾರಿಡಾರಿನ ದೃಶ್ಯವನ್ನು ನೋಡಿ. ಪೆನ್ಸಿಲಿನ ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಕಾಣುತ್ತದೆ.