ಕಾಲೆಳೆಯೋದಕ್ಕೆ ಒಂದು ಚಿಹ್ನೆ ಇದೆಯಾ?

ಭಾನುವಾರದ ಅತಿಥಿ:
ಹೋದ ತಿಂಗಳು ನಮ್ಮ ಭಾವ ಮೊದಲ ಸಲ ಉಪ್ಪಿಟ್ಟು ಮಾಡಿದರು. ತಳ ಹಿಡಿದಿತ್ತು, ರವೆ ಗಂಟುಗಂಟು. ಮನೆಗೆ ಬಂದು ಫ್ಯಾಮಿಲಿ ಗ್ರೂಪಿನಲ್ಲಿ ಸುಮ್ನೆ ಕಾಲೆಳೆಯೋಣ ಅಂತ ಬರೆದೆ: "ಇಂಥ ಉಪ್ಪಿಟ್ಟು ಜನ್ಮದಲ್ಲೇ ತಿಂದಿರಲಿಲ್ಲ." ಭಾವ ಹೊಗಳಿಕೆ ಅಂದುಕೊಂಡರು. ಈಗ ಪ್ರತಿ ಭಾನುವಾರ ಉಪ್ಪಿಟ್ಟು. ಅಕ್ಕನಿಗೆ ಅರ್ಥವಾಯಿತು, ಸ್ವಲ್ಪ ಜಾಸ್ತಿಯೇ ಅರ್ಥವಾಯಿತು. "ಸರಿ." ಅಂತ ಹಾಕಿ ಸುಮ್ಮನಾದಳು. ಎದುರಿಗೆ ಹೇಳಿದ್ದರೆ ನನ್ನ ಮುಖ ನೋಡಿ ಇಬ್ಬರೂ ನಗುತ್ತಿದ್ದರು, ಅಲ್ವಾ?

ಹುಡುಕಿದಾಗ ಎರಡು ಚಿಹ್ನೆ ಸಿಕ್ಕವು: ‽ ಮತ್ತು ⸮. ಕನ್ನಡದಲ್ಲಿ ಬಳಸುವವರು ಇದ್ದೀರಾ? ನಗುಮುಖದ ಎಮೋಜಿ ಬೇಡ. ನಮ್ಮ ಗ್ರೂಪಿನಲ್ಲಿ ಅದನ್ನು ಶ್ರದ್ಧಾಂಜಲಿಗೂ ಹಾಕುವ ಚಿಕ್ಕಪ್ಪ ಇದ್ದಾರೆ.

ಅಚ್ಚುಮೊಳೆ:
‽ ನಿಮಗೆ ಆಗಲ್ಲ. ಅದು 'ಏನಂದ್ರೀ?!' ಅನ್ನೋ ಬೆರಗಿನ ಪ್ರಶ್ನೆಗೆ. ಹೆಸರು ಇಂಟರೊಬ್ಯಾಂಗ್. 1962ರಲ್ಲಿ ಅಮೆರಿಕದ ಜಾಹೀರಾತು ಕಂಪನಿಯ ಮಾರ್ಟಿನ್ ಸ್ಪೆಕ್ಟರ್ ಹುಟ್ಟಿಸಿದ್ದು. ಕೆಲವು ಟೈಪ್‌ರೈಟರುಗಳಲ್ಲೂ ಬಂತು, ನಿಲ್ಲಲಿಲ್ಲ. ತಿರುಗಿದ ಪ್ರಶ್ನೆಚಿಹ್ನೆ ಇನ್ನೂ ಹಳೆಯದು. 1580ರ ದಶಕದಲ್ಲಿ ಲಂಡನ್ನಿನ ಮುದ್ರಕ ಹೆನ್ರಿ ಡೆನ್‌ಹ್ಯಾಮ್ ಉತ್ತರ ಬೇಡದ ಪ್ರಶ್ನೆಗಳಿಗೆ ಅಂಥದ್ದನ್ನು ಬಳಸಿದ. 1899ರಲ್ಲಿ ಫ್ರಾನ್ಸಿನ ಅಲ್ಕಾಂಟರ್ ದ ಬ್ರಾಮ್ ಅದನ್ನೇ ಹೋಲುವ ಒಂದನ್ನು ವ್ಯಂಗ್ಯಕ್ಕೆ ಇಡಿ ಅಂದ. ಯಾರೂ ಇಡಲಿಲ್ಲ ಪಾಪ.

ನಿಮ್ಮ ಕಥೆಯ ಅಣ್ಣ ಇನ್ನೊಂದಿದೆ. 1982ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಯಾರೋ ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಅಂತ ತಮಾಷೆಗೆ ಬರೆದರು. ಕೆಲವರು ನಿಜ ಅಂತ ನಂಬಿಬಿಟ್ಟರು. ಆಮೇಲೆ ಸ್ಕಾಟ್ ಫಾಲ್ಮನ್, ತಮಾಷೆಗೆ ಇನ್ನು :-) ಹಾಕೋಣ ಅಂದದ್ದು. ನಿಮಗೆ ಬೇಡವಾದ ಆ ನಗುಮುಖದ ಅಜ್ಜ ಅವನೇ.

ಮಲೆನಾಡ ಮಾಣಿ:
ನಾನು ⸮ ಹಾಕಿ ನೋಡಿದ್ದೇನೆ ಮಾರಾಯ್ರೆ. ಅಮ್ಮನ ಫೋನಿನಲ್ಲಿ ಖಾಲಿ ಡಬ್ಬಿ ಕಾಣಿಸಿತು. "ಏನೋ ಕಳಿಸಿದ್ದೀಯ, ಓಪನ್ ಆಗ್ತಿಲ್ಲ" ಅಂತ ಮೂರು ಸಲ ಫೋನ್ ಮಾಡಿದರು.

ಕರಡು ತಿದ್ದುವವಳು:
ಅಕ್ಕನ ಆ "ಸರಿ." ಬಗ್ಗೆ ಒಂದು ಮಾತು. 2015ರಲ್ಲಿ ಅಮೆರಿಕದ ಬಿಂಗಮ್ಟನ್ ವಿಶ್ವವಿದ್ಯಾಲಯದವರು ವಿದ್ಯಾರ್ಥಿಗಳಿಗೆ ಇಂಥ ಒಂದೇ ಪದದ ಉತ್ತರಗಳನ್ನು ತೋರಿಸಿದ್ದರು. ಮೆಸೇಜಿನಲ್ಲಿ ಕೊನೆಗೆ ಚುಕ್ಕಿ ಇದ್ದರೆ ಮನಸಿಲ್ಲದೆ ಹೇಳಿದಂತೆ ಅನಿಸಿತಂತೆ. ಕೈಬರಹದ ಚೀಟಿಯಲ್ಲಿ ಹಾಗೆ ಅನಿಸಲಿಲ್ಲ. ನಿಮ್ಮ ಉಪ್ಪಿಟ್ಟಿನ ವಾಕ್ಯಕ್ಕೂ ಚುಕ್ಕಿ ಇತ್ತು ನೋಡಿ.

ಕನ್ನಡಕ್ಕೆ ಹೊಸ ಚಿಹ್ನೆ ಯಾಕೆ ಬೇಕು ಅನ್ನೋದೇ ನನ್ನ ತಕರಾರು. ನಮ್ಮ ದನಿ ಪದದ ಬಾಲದಲ್ಲಿದೆ. 'ಚೆನ್ನಾಗಿತ್ತು', 'ಚೆನ್ನಾಗಿತ್ತಪ್ಪಾ', 'ಚೆನ್ನಾಗಿತ್ತಂತೆ', 'ಚೆನ್ನಾಗಿತ್ತು ಬಿಡಿ': ನಾಲ್ಕಕ್ಕೂ ಮುಖ ಬೇರೆ. ಎಳೆಯಬೇಕಾದರೆ 'ಆಹಾಆಆ' ಅಂತ ಬರೆಯುತ್ತೇವೆ. ಸಂಸ್ಕೃತದವರು ಇದನ್ನೇ ಪ್ಲುತ ಅಂತ ಕರೆದು, ನಡುವೆ ಮೂರರ ಅಂಕೆ ಇಟ್ಟು 'ಓ೩ಮ್' ಅಂತ ಬರೆದರು. "ಉಪ್ಪಿಟ್ಟಂತೆ ಉಪ್ಪಿಟ್ಟು!" ಅಂದಿದ್ದರೆ ಯಾವ ಭಾವನಿಗೂ ತಿಳಿಯುತ್ತಿತ್ತು.

ಭಾನುವಾರದ ಅತಿಥಿ:
ಅದನ್ನೇ ಹಾಕಿದೆ. ಅಕ್ಕ ನಕ್ಕಳು, ಫೋನೂ ಮಾಡಿದಳು. ಭಾವ ಹೆಬ್ಬೆರಳು ಎತ್ತಿ ಕೆಳಗೆ ಬರೆದಿದ್ದಾರೆ: "ಈ ವಾರ ಎಷ್ಟು ಜನ ಬರ್ತೀರಿ?"