ಸಮುರಾಯ್‌ಗಳ ಯುದ್ಧ ನಿಜವಾಗಿ ಹೇಗೆ ನಡೆಯುತ್ತಿತ್ತು?

ಪ್ರಶ್ನೆ

ಮಾನ್ಯ ಸದಸ್ಯರೇ, ಜಪಾನಿನ ಯೋಧರಾದ ಸಮುರಾಯ್‌ಗಳ ಕುರಿತ ಚಲನಚಿತ್ರಗಳಲ್ಲಿ ಇಬ್ಬರು ವೀರರು ಎದುರುಬದುರಾಗಿ ನಿಂತು, ತಮ್ಮ ಕುಲವನ್ನೂ ಹೆಸರನ್ನೂ ಸಾರಿ, ಕತ್ತಿ ಹಿರಿದು ಕಾದುವ ದೃಶ್ಯ ತಪ್ಪದೆ ಬರುತ್ತದೆ. ಸಾವಿರಾರು ಜನ ಸೇರಿದ ರಣರಂಗದಲ್ಲಿ ಯುದ್ಧ ಈ ರೀತಿ ನಡೆಯಲು ಸಾಧ್ಯವಿತ್ತೆ? ಹೆಚ್ಚು ಜನರನ್ನು ಕೊಂದ ಆಯುಧ ಯಾವುದು? ಒಡೆಯನಿಗಾಗಿ ಪ್ರಾಣ ಕೊಡುವ ನಿಷ್ಠೆಯ ಬಗ್ಗೆ ಬಹಳ ಓದಿದ್ದೇನೆ; ಆ ನಿಷ್ಠೆ ಯುದ್ಧಭೂಮಿಯಲ್ಲಿ ಎಷ್ಟರಮಟ್ಟಿಗೆ ಉಳಿಯುತ್ತಿತ್ತು? ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1

ನೀವು ಯಾವ ಶತಮಾನದ ಬಗ್ಗೆ ಕೇಳುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ತೈರಾ ಮತ್ತು ಮಿನಾಮೊತೊ ಮನೆತನಗಳು 1180ರಿಂದ 1185ರವರೆಗೆ ಹೋರಾಡಿದ ಕಾಲದಲ್ಲಿ ಸಮುರಾಯ್ ಎಂದರೆ ಮುಖ್ಯವಾಗಿ ಕುದುರೆಯ ಮೇಲಿನ ಬಿಲ್ಲುಗಾರ. ಯೋಧರ ಬದುಕಿನ ಕ್ರಮವನ್ನೇ ಆಗ ‘ಬಿಲ್ಲು ಮತ್ತು ಕುದುರೆಯ ಮಾರ್ಗ’ ಎಂದು ಕರೆಯುತ್ತಿದ್ದರು. ಎರಡು ಮೀಟರಿಗಿಂತ ಉದ್ದವಾದ ಆ ಬಿಲ್ಲಿನ ಹಿಡಿ ನಡುವಿಗಿಂತ ಕೆಳಗಿರುತ್ತಿದ್ದುದರಿಂದ ಅದನ್ನು ಜೀನಿನ ಮೇಲೆ ಕುಳಿತು ಎರಡೂ ಬದಿಗೆ ತಿರುಗಿಸಬಹುದಿತ್ತು. ಹೆಸರು ಸಾರಿ ಒಬ್ಬರನ್ನೊಬ್ಬರು ಕರೆಯುವ ಪ್ರಸಂಗಗಳು ಯುದ್ಧಕಥನಗಳಲ್ಲಿ ತುಂಬಿವೆ, ನಿಜ. ಆದರೆ ಅದೇ ಯುಗದಲ್ಲಿ, 1156ರಲ್ಲಿ, ಕ್ಯೋಟೋದ ಶಿರಾಕಾವಾ ಅರಮನೆಯ ಮೇಲೆ ರಾತ್ರಿ ದಾಳಿ ಮಾಡಿ ಬೆಂಕಿ ಹಚ್ಚಿದವರೂ ಸಮುರಾಯ್‌ಗಳೇ. ಗೆಲುವು ಬೇಕಾದಾಗ ಅವರು ಹೊಂಚುದಾಳಿಗೂ ಬೆಂಕಿಗೂ ಹಿಂಜರಿದವರಲ್ಲ.

ಆಯುಧಗಳ ವಿಷಯದಲ್ಲಿ ನಮಗೆ ಅಪರೂಪದ ಸಾಕ್ಷ್ಯವಿದೆ. ಹದಿನಾಲ್ಕನೆಯ ಶತಮಾನದಲ್ಲಿ ಉತ್ತರ ಮತ್ತು ದಕ್ಷಿಣದ ಎರಡು ರಾಜಸಭೆಗಳು ಕಾದಾಡಿದಾಗ, ಯೋಧರು ತಾವು ಎಲ್ಲಿ ಹೋರಾಡಿದೆವು, ತಮ್ಮ ಕಡೆಯ ಯಾರಿಗೆ ಮೈಯ ಯಾವ ಭಾಗದಲ್ಲಿ ಎಂಥ ಗಾಯವಾಯಿತು, ಅದನ್ನು ಕಂಡವರು ಯಾರು ಎಂಬುದನ್ನು ಬರೆದು ಸೇನಾಪತಿಗೆ ಸಲ್ಲಿಸುತ್ತಿದ್ದರು. ಇತಿಹಾಸಕಾರರು ಆ ಪತ್ರಗಳಲ್ಲಿನ ಗಾಯಗಳನ್ನು ಎಣಿಸಿದಾಗ, ಮುಕ್ಕಾಲು ಪಾಲಿಗೆ ಹತ್ತಿರದಷ್ಟು ಬಾಣದಿಂದಾದವು ಎಂದು ತಿಳಿದುಬಂದಿತು. ಹದಿನಾರನೆಯ ಶತಮಾನದ ಹೊತ್ತಿಗೆ ಉದ್ದ ಈಟಿ ಹಿಡಿದು ಸಾಲಾಗಿ ನಿಲ್ಲುವ, ಅಶಿಗಾರು ಎಂದು ಕರೆಯಲಾಗುತ್ತಿದ್ದ ಕಾಲಾಳುಗಳೇ ಸೇನೆಯ ಬಹುಭಾಗವಾದರು. ಕತ್ತಿ ಎಲ್ಲರ ಸೊಂಟದಲ್ಲೂ ಇತ್ತು. ಸಾಲು ಮುರಿದು ಕೈಕೈ ಮಿಲಾಯಿಸುವಾಗ, ಈಟಿ ಮುರಿದಾಗ, ಓಡುವವರನ್ನು ಬೆನ್ನಟ್ಟುವಾಗ ಅದು ಕೆಲಸಕ್ಕೆ ಬರುತ್ತಿತ್ತು. ಸಮುರಾಯ್‌ನ ಆತ್ಮವೇ ಕತ್ತಿ ಎಂಬ ಭಾವನೆ ಬಲವಾಗಿ ಬೇರೂರಿದ್ದು 1603ರಲ್ಲಿ ಆರಂಭವಾದ ತೊಕುಗಾವಾ ಮನೆತನದ ಆಳ್ವಿಕೆಯ ದೀರ್ಘ ಶಾಂತಿಯಲ್ಲಿ. 1638ರಲ್ಲಿ ಶಿಮಬಾರಾ ದಂಗೆ ಅಡಗಿದ ಮೇಲೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ಜಪಾನಿನಲ್ಲಿ ದೊಡ್ಡ ಯುದ್ಧವೇ ನಡೆಯಲಿಲ್ಲ.

ಉತ್ತರ 2

ಮೇಲಿನ ಸದಸ್ಯರು ಹೇಳಿದ ಆ ಪತ್ರಗಳನ್ನು ಏಕೆ ಬರೆಯುತ್ತಿದ್ದರು ಎಂಬುದನ್ನು ಗಮನಿಸಿದರೆ ನಿಮ್ಮ ನಿಷ್ಠೆಯ ಪ್ರಶ್ನೆಗೂ ಉತ್ತರದ ದಾರಿ ಸಿಗುತ್ತದೆ. ಅವು ಬಹುಮಾನ ಕೋರುವ ದಾಖಲೆಗಳು. ಯೋಧನು ತನ್ನ ಕುದುರೆ, ಕವಚ, ಆಳುಗಳನ್ನೆಲ್ಲ ಸ್ವಂತ ಖರ್ಚಿನಲ್ಲಿ ತರುತ್ತಿದ್ದನು, ಅದಕ್ಕೆ ಪ್ರತಿಯಾಗಿ ಭೂಮಿಯನ್ನೋ ಅಧಿಕಾರವನ್ನೋ ನಿರೀಕ್ಷಿಸುತ್ತಿದ್ದನು.

ಕ್ಯೂಶು ದ್ವೀಪದ ಹಿಗೋ ಪ್ರಾಂತ್ಯದ ತಕೆಝಾಕಿ ಸುಎನಾಗನನ್ನು ನೋಡಿ. 1274ರಲ್ಲಿ ಮಂಗೋಲರ ಸೇನೆ ಹಕಾತಾ ತೀರಕ್ಕೆ ಬಂದಿಳಿದಾಗ ಅವನ ಜೊತೆಗಿದ್ದವರು ಬೆರಳೆಣಿಕೆಯ ಸವಾರರು. ಅವನು ಹಿಂದಿನವರಿಗೆ ಕಾಯದೆ ಮುಂದೆ ನುಗ್ಗಿದನು, ಕುದುರೆ ಬಾಣ ತಗಲಿ ಬಿದ್ದಿತು, ತಾನೂ ಗಾಯಗೊಂಡನು. ಆ ಸಾಹಸ ಬಹುಮಾನದ ಪಟ್ಟಿಗೆ ಸೇರಲಿಲ್ಲವೆಂದು ತಿಳಿದಾಗ ಮರುವರ್ಷ ಕುದುರೆಗಳನ್ನೂ ಜೀನುಗಳನ್ನೂ ಮಾರಿ ದಾರಿಖರ್ಚು ಹೊಂದಿಸಿಕೊಂಡು, ಯೋಧರ ಸರ್ಕಾರದ ಕೇಂದ್ರವಾಗಿದ್ದ ದೂರದ ಕಾಮಾಕುರಾಕ್ಕೆ ಹೋಗಿ, ಅಧಿಕಾರಿ ಅದಾಚಿ ಯಸುಮೊರಿಯ ಎದುರು ತಾನೇ ಎಲ್ಲರಿಗಿಂತ ಮೊದಲು ಮುನ್ನುಗ್ಗಿದವನೆಂದು ವಾದಿಸಿದನು. ಕೊನೆಗೆ ಭೂಮಿಯ ಮೇಲ್ವಿಚಾರಣೆಯ ಹುದ್ದೆಯೂ ಒಂದು ಕುದುರೆಯೂ ದೊರೆತವು. ಅವನು ಮುಂದೆ ಬರೆಸಿದ ಚಿತ್ರಸುರುಳಿಗಳು ಇಂದಿಗೂ ಉಳಿದಿವೆ. ಈ ಮನುಷ್ಯನ ಹಟ ನನಗೆ ಬಹಳ ಪ್ರಿಯವಾದದ್ದು. ಶೌರ್ಯ ಮತ್ತು ಜೀವನೋಪಾಯ ಅವನಲ್ಲಿ ಬೇರೆಬೇರೆಯಾಗಿರಲೇ ಇಲ್ಲ.

ಶತ್ರುವಿನ ತಲೆ ಕಡಿದು ತರುವ ಪದ್ಧತಿಗೂ ಇದೇ ಕಾರಣ. ಯಾರನ್ನು ಕೊಂದೆ ಎಂಬುದಕ್ಕೆ ತಲೆಯೇ ಪುರಾವೆ. ಆದರೆ ತಲೆ ತೆಗೆದವನು ಅದನ್ನು ಹೊತ್ತು ಹಿಂದಕ್ಕೆ ಹೋದರೆ ಕಾದಾಡುವವರು ಕಡಿಮೆಯಾಗುತ್ತಾರೆ. ಈ ತೊಂದರೆಯಿಂದಾಗಿಯೇ 1338ರಲ್ಲಿ ಕೋ ನೊ ಮೊರೊನಾವೊ ಎಂಬ ಸೇನಾನಿ, ಪಕ್ಕದವರು ಸಾಕ್ಷಿಯಾಗಿ ನೋಡಿದ ಮೇಲೆ ತಲೆಯನ್ನು ಅಲ್ಲೇ ಬಿಟ್ಟು ಮುಂದುವರಿಯಬೇಕೆಂಬ ನಿಯಮ ತಂದನು. ಪದ್ಧತಿ ಮಾತ್ರ ನಿಲ್ಲಲಿಲ್ಲ. 1600ರಲ್ಲಿ ಓಗಾಕಿ ಕೋಟೆಯೊಳಗಿದ್ದ ಓಆನ್ ಎಂಬ ಯುವತಿ ಮುದುಕಿಯಾದ ಮೇಲೆ ಹೇಳಿದ ನೆನಪುಗಳು ಬರಹದಲ್ಲಿ ಉಳಿದಿವೆ: ಕೋಟೆಯ ಹೆಂಗಸರು ಸೀಸದ ಗುಂಡು ಎರೆಯುತ್ತಿದ್ದರು, ತಂದ ತಲೆಗಳಿಗೆ ಹೆಸರಿನ ಚೀಟಿ ಕಟ್ಟಿ ಸಾಲಾಗಿ ಇಡುತ್ತಿದ್ದರು, ಹಲ್ಲಿಗೆ ಕಪ್ಪು ಬಳಿದುಕೊಳ್ಳುವುದು ಮೇಲಿನ ದರ್ಜೆಯವರ ಗುರುತಾಗಿದ್ದುದರಿಂದ, ಬಿಳಿ ಹಲ್ಲಿನ ತಲೆಗಳಿಗೆ ಕಪ್ಪು ಬಳಿದುಕೊಡಿ ಎಂದು ಯೋಧರು ಕೇಳಿಕೊಳ್ಳುತ್ತಿದ್ದರು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಸೀಸದ ಗುಂಡಿನ ಮಾತು ಬಂದದ್ದರಿಂದ ಕೇಳುತ್ತೇನೆ: 1575ರ ನಾಗಾಶಿನೊ ಕಾಳಗದಲ್ಲಿ ಮೂರು ಸಾವಿರ ಕೋವಿಗಳನ್ನು ಮೂರು ಸಾಲಿನಲ್ಲಿ ಸರದಿಯಂತೆ ಹಾರಿಸಿ ತಕೆದಾ ಮನೆತನದ ಅಶ್ವದಳವನ್ನು ನಾಶ ಮಾಡಲಾಯಿತೆಂದು ಓದಿದ್ದೇನೆ. ಇದು ಎಷ್ಟು ನಿಜ?

ಉತ್ತರ 3

ಪೋರ್ಚುಗೀಸರ ಬತ್ತಿಕೋವಿ 1543ರಲ್ಲಿ ತನೆಗಾಶಿಮಾ ದ್ವೀಪವನ್ನು ತಲುಪಿತು. ಜಪಾನಿನ ಕಮ್ಮಾರರು ಕೆಲವೇ ವರ್ಷಗಳಲ್ಲಿ ಅದನ್ನು ತಾವೇ ಮಾಡತೊಡಗಿದರು. ನಾಗಾಶಿನೊದಲ್ಲಿ ಓಡಾ ನೊಬುನಾಗಾ ಮತ್ತು ತೊಕುಗಾವಾ ಇಯೆಯಾಸುವಿನ ಪಡೆಗಳು ಮರದ ಬೇಲಿಯ ಹಿಂದೆ ಕೋವಿಗಾರರನ್ನು ನಿಲ್ಲಿಸಿದ್ದು, ತಕೆದಾ ಕತ್ಸುಯೊರಿಯ ಹಿರಿಯ ಸೇನಾನಿಗಳಾದ ಬಾಬಾ ನೊಬುಹಾರು, ಯಮಗಾತಾ ಮಸಕಾಗೆ ಮೊದಲಾದವರು ಅಲ್ಲಿ ಸತ್ತದ್ದು ಖಚಿತ. ಆದರೆ ನೊಬುನಾಗಾನ ಸೇವೆಯಲ್ಲಿದ್ದ ಓತಾ ಗ್ಯೂಇಚಿಯ ವೃತ್ತಾಂತವು ಸುಮಾರು ಒಂದು ಸಾವಿರ ಕೋವಿಗಳೆಂದು ಹೇಳುತ್ತದೆ, ಮೂರು ಸಾಲುಗಳ ಸರದಿಯನ್ನು ಹೇಳುವುದಿಲ್ಲ. ಆ ಚಿತ್ರಣ ಹದಿನೇಳನೆಯ ಶತಮಾನದಲ್ಲಿ ಓಝೆ ಹೊಆನ್ ಬರೆದ ಗ್ರಂಥದಿಂದ ಹಬ್ಬಿದ್ದು. ತಕೆದಾ ಕಡೆಯವರೆಲ್ಲ ಕುದುರೆ ಏರಿ ನುಗ್ಗಿದರೆಂಬುದೂ ಸಂದೇಹಾಸ್ಪದ. ಆ ಕಾಲದ ಜಪಾನಿ ಕುದುರೆಗಳ ಎತ್ತರ ಸುಮಾರು 130 ಸೆಂಟಿಮೀಟರ್ ಮಾತ್ರ, ಸೈನಿಕರಲ್ಲಿ ಬಹಳಷ್ಟು ಮಂದಿ ಕಾಲಾಳುಗಳು.

ಉತ್ತರ 4

ಇದುವರೆಗಿನ ಚರ್ಚೆ ಬಯಲಿನ ಕಾಳಗಗಳ ಸುತ್ತಲೇ ಇದೆ. ಹದಿನಾರನೆಯ ಶತಮಾನದ ಯುದ್ಧದ ಹೆಚ್ಚಿನ ಭಾಗ ಮುತ್ತಿಗೆ, ಮುತ್ತಿಗೆಯ ಮುಖ್ಯ ಆಯುಧ ಹಸಿವು. 1581ರಲ್ಲಿ ನೊಬುನಾಗಾನ ಸೇನಾನಿ ಹಿದೆಯೋಶಿ ತೊತ್ತೋರಿ ಕೋಟೆಯನ್ನು ಮುತ್ತುವ ಮೊದಲು ಆ ಪ್ರಾಂತ್ಯದ ಅಕ್ಕಿಯನ್ನು ಹೆಚ್ಚಿನ ಬೆಲೆ ಕೊಟ್ಟು ಕೊಳ್ಳಿಸಿದನು. ನಂತರ ಸುತ್ತಲಿನ ಹಳ್ಳಿಗರು ಕೋಟೆಯೊಳಗೆ ಓಡಿಹೋಗುವಂತೆ ಮಾಡಿ, ಒಳಗಿದ್ದ ಅಲ್ಪ ದಾಸ್ತಾನು ಬೇಗ ಮುಗಿಯುವ ಹಾಗೆ ನೋಡಿಕೊಂಡನು. ಜನ ಮೊದಲು ಹುಲ್ಲು, ಎಲೆ ತಿಂದರು, ಬಳಿಕ ಕುದುರೆ ಎತ್ತುಗಳನ್ನು ತಿಂದರು, ಕೊನೆಗೆ ಸತ್ತವರ ಮಾಂಸಕ್ಕೂ ಕೈಹಾಕಿದರು ಎಂದು ಸಮಕಾಲೀನ ವೃತ್ತಾಂತ ಹೇಳುತ್ತದೆ. ಕೋಟೆಯ ನಾಯಕ ಕಿಕ್ಕಾವಾ ತ್ಸುನೆಇಯೆ ಉಳಿದವರ ಜೀವಕ್ಕೆ ಬದಲಾಗಿ ತನ್ನ ಹೊಟ್ಟೆ ಸೀಳಿಕೊಂಡನು. ಹೊರಬಂದವರಲ್ಲಿ ಹಲವರು ಕೊಟ್ಟ ಅನ್ನವನ್ನು ಒಮ್ಮೆಲೇ ಉಂಡು ಸತ್ತರು.

ಹಾಗಾಗಿ ಒಡೆಯನಿಗಾಗಿ, ಜೊತೆಯವರಿಗಾಗಿ ಸತ್ತವರು ಇರಲಿಲ್ಲ ಎನ್ನಲಾಗದು. ಅದೇ ರೀತಿ, 1600ರ ಅಕ್ಟೋಬರ್ 21ರಂದು ಸೆಕಿಗಾಹಾರಾ ಕಾಳಗದಲ್ಲಿ, ಇಯೆಯಾಸುವಿನ ಎದುರು ಪಕ್ಷದಲ್ಲಿದ್ದ ಕೊಬಾಯಾಕಾವಾ ಹಿದೆಆಕಿ ಬೆಟ್ಟದ ಮೇಲೆ ಕಾದು ನಿಂತು, ಯುದ್ಧದ ನಡುವೆ ಪಕ್ಷ ಬದಲಿಸಿ ತನ್ನ ಕಡೆಯವರ ಮೇಲೆಯೇ ಎರಗಿದ್ದೂ ನಿಜ, ಅದಕ್ಕೆ ಅವನಿಗೆ ದೊಡ್ಡ ಸೀಮೆಯೇ ದೊರೆತದ್ದೂ ನಿಜ.

ಕಾಲಾಳುಗಳಿಗೆ ಅಂಥ ಸೀಮೆಗಳ ಆಸೆ ಇರಲಿಲ್ಲ. ಅವರಲ್ಲಿ ಎಷ್ಟೋ ಜನ ಬಂದದ್ದು ಲೂಟಿಗಾಗಿ. ಲೂಟಿಯಲ್ಲಿ ಧಾನ್ಯದಂತೆ ಮನುಷ್ಯರೂ ಸೇರಿದ್ದರು. ಧರ್ಮನಿಷ್ಠ ಯೋಧನೆಂದು ಹೆಸರಾದ ಉಎಸುಗಿ ಕೆನ್‌ಶಿನ್ 1566ರಲ್ಲಿ ಹಿತಾಚಿ ಪ್ರಾಂತ್ಯದ ಓಡಾ ಕೋಟೆಯನ್ನು ಗೆದ್ದಾಗ, ಸೆರೆಸಿಕ್ಕ ಜನರನ್ನು ಅವನ ಸಮ್ಮತಿಯಿಂದಲೇ ತಲೆಗೆ ಇಪ್ಪತ್ತು ಮೂವತ್ತು ನಾಣ್ಯದಂತೆ ಮಾರಲಾಯಿತೆಂದು ಅಂದಿನ ದಾಖಲೆಯೊಂದು ತಿಳಿಸುತ್ತದೆ. ಯುದ್ಧದ ನಿಜಸ್ಥಿತಿ ಅರಿಯಬೇಕೆನ್ನುವವರು ಸೇನಾನಿಗಳ ಚರಿತ್ರೆಯಷ್ಟೇ ಗಮನವನ್ನು ಈ ಹಳ್ಳಿಗರ ಪಾಡಿಗೂ ಕೊಡಬೇಕೆಂದು ವಿನಂತಿಸುತ್ತೇನೆ.