ಲೇಹ್ ಎತ್ತರದಲ್ಲಿ 15 ಪಿಎಸ್‌ಐ ಸಾಕೇ? ಫೀಲ್ಡ್ ಆಟೋಕ್ಲೇವ್ ಬಳಸಿದವರು ಹೇಳಿ

ಕೇಳಿದವರು: ಸೇನೆಯ ಫೀಲ್ಡ್ ಆಸ್ಪತ್ರೆಗೆ ಸ್ಟೌ ಮೇಲಿಡುವ ಕುಕ್ಕರ್ ಮಾದರಿಯ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಶಸ್ತ್ರಚಿಕಿತ್ಸೆಯ ಸಾಮಾನನ್ನು ಕ್ರಿಮಿರಹಿತ ಮಾಡುವ ಪಾತ್ರೆ) ಹೋಗುತ್ತಿದೆ. ಜಾಗ ಲೇಹ್ ಕಡೆ, ಸುಮಾರು 3,500 ಮೀಟರ್ ಎತ್ತರ. ಕೆಳಗೆ ಬಯಲಿನಲ್ಲಿ ಮಾಡುವ ಹಾಗೇ 15 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ 30 ನಿಮಿಷ ಇಟ್ಟರೆ ಸಾಕೇ?

ಬಯೋಮೆಡಿಕಲ್ ಎಂಜಿನಿಯರ್: ಸಾಲದು. ಹೊರಗಿನ ಗಾಳಿಗಿಂತ ಒಳಗೆ ಒತ್ತಡ ಎಷ್ಟು ಹೆಚ್ಚಿದೆ ಅನ್ನುವುದನ್ನಷ್ಟೇ ಗೇಜ್ ತೋರಿಸುತ್ತೆ. ಸಮುದ್ರಮಟ್ಟದಲ್ಲಿ ಹೊರಗೆ 14.7 ಇದ್ದರೆ ಅಲ್ಲಿ 9.5ರ ಆಸುಪಾಸು. ಮುಳ್ಳು 15ಕ್ಕೆ ಬಂದರೂ ಹಬೆ ಬೇಕಾದ 121 ಡಿಗ್ರಿ ಮುಟ್ಟಲ್ಲ, 115ರ ಹತ್ತಿರ ನಿಲ್ಲುತ್ತೆ. 121 ಬೇಕಾದರೆ ಗೇಜಿನಲ್ಲಿ 20 ಬರಬೇಕು. ಪಾತ್ರೆಯ ಫಲಕದಲ್ಲಿ ಅಷ್ಟಕ್ಕೆ ಅವಕಾಶ ಇದ್ದರೆ ಮಾತ್ರ ಏರಿಸಿ. ಸೇಫ್ಟಿ ವಾಲ್ವ್ ಮೇಲೆ ತೂಕ ಹೇರುವ ಜಾಣತನ ಖಂಡಿತ ಬೇಡ. ಫಲಕದಲ್ಲಿ ಅವಕಾಶ ಇಲ್ಲದಿದ್ದರೆ ಸಮಯ ಹೆಚ್ಚಿಸಿ. 10 ಡಿಗ್ರಿ ಇಳಿದರೆ ಹತ್ತು ಪಟ್ಟು ಸಮಯ ಎಂಬ ಲೆಕ್ಕದಲ್ಲಿ 6 ಡಿಗ್ರಿಗೆ ನಾಲ್ಕು ಪಟ್ಟು, ಅಂದರೆ 2 ಗಂಟೆ. ಅಷ್ಟು ಹೊತ್ತಿಗೆ ನೀರು ಸಾಕಾಗುತ್ತಾ, ಮೊದಲೇ ಒಂದು ಖಾಲಿ ಸುತ್ತು ಓಡಿಸಿ ನೋಡಿ.

ಓಟಿ (ಆಪರೇಷನ್ ಥಿಯೇಟರ್) ಟೆಕ್ನಿಷಿಯನ್: ಇದಕ್ಕಿಂತ ಹೆಚ್ಚು ಕೈಕೊಡುವುದು ಒಳಗೆ ಉಳಿದ ಗಾಳಿ. ಗಾಳಿ ಹಬೆಗಿಂತ ಭಾರ, ತಳದಲ್ಲಿ ಕೂರುತ್ತೆ. ಗೇಜ್ ಸರಿಯಾಗಿದ್ದರೂ ಅಲ್ಲಿನ ಸಾಮಾನು ಕಾಯಲ್ಲ. ಗಾಳಿ ಬಿಡುವ ವಾಲ್ವ್ ತೆರೆದಿಟ್ಟು, ಹಬೆ ಒಂದೇ ಸಮನೆ ಬುಸ್ಸೆನ್ನತೊಡಗಿದ ಮೇಲೂ 5ರಿಂದ 10 ನಿಮಿಷ ಬಿಟ್ಟು ಮುಚ್ಚಿ. ಸಾಮಾನು ತುಂಬುವ ಡ್ರಮ್ಮಿನ ಪಕ್ಕದ ಕಿಂಡಿ ತೆರೆದಿರಲಿ, ಆರ್ಟರಿ ಫೋರ್ಸೆಪ್ಸ್, ಕತ್ತರಿಗಳ ಬಾಯಿ ಬಿಚ್ಚಿರಲಿ. ರಕ್ತ ಒಣಗಿದ್ದರೆ ಬ್ರಷ್ ಹಾಕಿ ತೊಳೆಯದೆ ಒಳಗಿಡಬೇಡಿ. ನಡುವೆ ಸ್ಟೌ ಮಂದವಾಗಿ ಒತ್ತಡ ಇಳಿದರೆ ಸಮಯದ ಎಣಿಕೆ ಮತ್ತೆ ಸೊನ್ನೆಯಿಂದ.

ಮುಗಿದ ಮೇಲೆ ಮುಚ್ಚಳ ಸ್ವಲ್ಪ ಸರಿಸಿ 20 ನಿಮಿಷ ಒಣಗಿಸಿ. ಬಿಸಿ ಪ್ಯಾಕನ್ನು ತಣ್ಣನೆಯ ಲೋಹದ ಟೇಬಲ್ ಮೇಲಿಟ್ಟರೆ ಅಡಿಯಲ್ಲಿ ನೀರು ಕಟ್ಟುತ್ತೆ, ಒದ್ದೆ ಬಟ್ಟೆಯ ಮೂಲಕ ಕ್ರಿಮಿ ಒಳಗಿಳಿಯುತ್ತೆ. ತಂತಿಯ ಸ್ಟ್ಯಾಂಡ್ ಒಯ್ಯಿರಿ.

ಕೇಳಿದವರು: ಆಟೋಕ್ಲೇವ್ ಕೆಟ್ಟರೆ ನೀರಲ್ಲಿ ಕುದಿಸಬಹುದಾ?

ಸರ್ಜನ್: ಅಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತೆ. ಕೆಳಗೆ 100ರಲ್ಲಿ ಕುದಿಸಿದರೂ ಧನುರ್ವಾಯುವಿನ ಬೀಜಾಣು (ಸ್ಪೋರ್, ಕ್ರಿಮಿಯ ಗಟ್ಟಿ ಕವಚದ ರೂಪ) ಸಾಯುತ್ತೆಂಬ ಭರವಸೆ ಇಲ್ಲ. ಶೇ. 2ರ ಗ್ಲುಟರಾಲ್ಡಿಹೈಡ್ ಎಂಬ ಕ್ರಿಮಿನಾಶಕ ದ್ರಾವಣದಲ್ಲಿ ಪೂರ್ತಿ ಮುಳುಗಿಸಿ 10 ಗಂಟೆ, ಆಮೇಲೆ ಸ್ಟೆರೈಲ್ ನೀರಲ್ಲಿ ಚೆನ್ನಾಗಿ ಜಾಲಿಸಿ. ದ್ರಾವಣ 20 ಡಿಗ್ರಿಗಿಂತ ತಣ್ಣಗಿದ್ದರೆ ಈ ಲೆಕ್ಕ ನಡೆಯಲ್ಲ, ಬೆಚ್ಚಗಿನ ಡೇರೆಯಲ್ಲಿಡಿ.

ಓಟಿ ಟೆಕ್ನಿಷಿಯನ್: ಪ್ಯಾಕ್ ಮೇಲೆ ಅಂಟಿಸುವ ಇಂಡಿಕೇಟರ್ ಟೇಪಿನ ಗೆರೆ ಕಪ್ಪಾಯಿತೆಂದು ನಂಬಬೇಡಿ, ಪ್ಯಾಕ್ ಬಿಸಿ ಕಂಡಿದೆ ಅಂತಷ್ಟೇ ಅದರ ಅರ್ಥ. ವಾರಕ್ಕೊಮ್ಮೆಯಾದರೂ ಜೀವಂತ ಬೀಜಾಣು ಇರುವ ಪರೀಕ್ಷೆಯ ಆಂಪೂಲನ್ನು (ಪುಟ್ಟ ಮುಚ್ಚಿದ ಸೀಸೆ) ಕೆಳಗಿನ ಪ್ಯಾಕಿನ ನಡುವೆ ಇಟ್ಟು, ಆಮೇಲೆ ಇನ್‌ಕ್ಯುಬೇಟರಿಗೆ ಹಾಕಿ. ನೇರಳೆ ಬಣ್ಣ ಹಳದಿಗೆ ತಿರುಗಿದರೆ ಬೀಜಾಣು ಸತ್ತಿಲ್ಲ ಎಂದರ್ಥ, ಆ ಸುತ್ತಿನ ಪ್ಯಾಕುಗಳೆಲ್ಲ ವಾಪಸ್.